ಹೊಗೆಯೊತ್ತುವ ತಿದಿ

ಕಮ್ಮಾರನ ಕುಲುಮೆಯನ್ನು ಕಂಡವರೆಲ್ಲರೂ ತಿದಿಯ ಉಪಯೋಗವನ್ನು ಬಲ್ಲರು. ಇದ್ದಿಲನ್ನು ಎಷ್ಟು ಸುರಿದರೂ ಗಾಳಿ ಸಾಲದಿದ್ದರೆ ಬೆಂಕಿ ಮಂಕಾಗಿಯೇ ಉರಿಯುತ್ತದೆ. ತಿದಿಯೊತ್ತಿದೊಡನೆ ಅದೇ ಇದ್ದಿಲು ಕಬ್ಬಿಣವನ್ನು ಕೆಂಪಗೆ ಕಾಯಿಸುತ್ತದೆ. ಮೋಟಾರು ಎಂಜಿನಿನ ಸ್ಥಿತಿಯೂ ಹೀಗೆಯೇ. ಒಂದು ಕಿಲೊಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೊಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚಾಗಿ ಚಿಮ್ಮಿಸುವುದು ಸುಲಭ. ಗಾಳಿಯನ್ನು ಹೆಚ್ಚಾಗಿ ತುಂಬುವುದೇ ಕಷ್ಟ. ಆದುದರಿಂದ ಎಂಜಿನಿನ ಬಲವನ್ನು ಹೆಚ್ಚಿಸಬಯಸುವವರು ಮೊದಲು ಗಾಳಿಯ ವಿಚಾರವನ್ನೇ ಯೋಚಿಸಬೇಕಾಗುತ್ತದೆ.

ಎಂಜಿನಿಗೊಂದು ತಿದಿಯನ್ನು ಜೋಡಿಸಿದರೆ ಅದನ್ನು ಒತ್ತುವವರು ಯಾರು? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿ ಈ ಪ್ರಶ್ನೆಗೆ ಸೊಗಸಾದ ಉತ್ತರವನ್ನು ಕೊಟ್ಟು ಪೇಟೆಂಟ್ ಪಡೆದನು. ಇಂಧನದಲ್ಲಿರುವ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಬಿಸಿಯಾದ ಹೊಗೆಯೊಡನೆ ವ್ಯರ್ಥವಾಗಿ ಹೊರಬೀಳುತ್ತದೆ. ಆ ಹೊಗೆಯ ಹಾದಿಯಲ್ಲಿ ಒಂದು ಟರ್ಬೈನ್ ಚಕ್ರವನ್ನಿಟ್ಟು, ಅದರ ದಂಡದ ಇನ್ನೊಂದು ತುದಿಗೆ ಗಾಳಿಯನ್ನು ಒತ್ತುವ ಚಕ್ರವನ್ನು ಕೂಡಿಸಿದರೆ, ಬೆಂಕಿಯ ಹೊಗೆಯೇ ಬೆಂಕಿಗೆ ತಿದಿಯೊತ್ತುತ್ತದೆ! ಇದೇ ಟರ್ಬೊಚಾರ್ಜರ್. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಆ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಗಿಲಾಗಿ ಸುತ್ತುತ್ತವೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ಸುಮಾರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರದ ಮೇಲೆ ವಿಮಾನದ ಎಂಜಿನಿಗೆ ಇದನ್ನು ಜೋಡಿಸಿ ಪರೀಕ್ಷಿಸಿದನು. 1962ರಲ್ಲಿ ಅದೇ ದೇಶದ ಓಲ್ಡ್ಸ್‌ಮೊಬೀಲ್ ಮತ್ತು ಷೆವ್ರೊಲೆ ಕಾರುಗಳ ಮೂಲಕ ಅದು ಜನಸಾಮಾನ್ಯರ ರಸ್ತೆಗೂ ಇಳಿಯಿತು.

ಕಾರಿನಲ್ಲಿ ಬಂದ ಟರ್ಬೊಚಾರ್ಜರನ್ನು ತೆಗೆದು ದೊಡ್ಡದೊಂದನ್ನು ಹಾಕುವ, ಹೊಗೆಗೊಳವಿಯನ್ನು ಅಗಲಗೊಳಿಸುವ ಹವ್ಯಾಸ ಹಲವು ದೇಶಗಳಲ್ಲಿ ಬೆಳೆದಿದೆ. ಇದರಿಂದ ಏನು ಲಾಭ, ಎಲ್ಲಿ ಅಪಾಯ ಎಂಬುದನ್ನು ತಿಳಿಯಲು 1989ರಲ್ಲಿ ಜಪಾನಿನ ನಿಸಾನ್ ಸಂಸ್ಥೆ ಹೊರತಂದ ಸ್ಕೈಲೈನ್ ಜಿಟಿ-ಆರ್ ಕಾರನ್ನು ನಾವು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2.6 ಲೀಟರಿನ ಆರು ಸಿಲಿಂಡರುಗಳ ಅದರ ಎಂಜಿನಿಗೆ ಎರಡು ಟರ್ಬೊಚಾರ್ಜರುಗಳಿದ್ದವು. ಜಪಾನಿನ ಕಾರು ತಯಾರಕರು ತಮ್ಮೊಳಗೆ ಮಾಡಿಕೊಂಡಿದ್ದ ಒಪ್ಪಂದದಂತೆ ಅದರ ಬಲವನ್ನು 280 ಅಶ್ವಶಕ್ತಿಯೆಂದು ಘೋಷಿಸಲಾಗಿತ್ತು. ಪಂದ್ಯಕ್ಕಾಗಿ ಸಜ್ಜುಗೊಳಿಸಿದಾಗ ಅದೇ ಎಂಜಿನು 500ಕ್ಕೂ ಹೆಚ್ಚು ಅಶ್ವಶಕ್ತಿಯನ್ನು ನೀಡಿತು. 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಪಂದ್ಯಾವಳಿಯ 29 ಪಂದ್ಯಗಳಲ್ಲಿ 29ನ್ನೂ ಈ ಕಾರೇ ಗೆದ್ದಿತು.

ಈಗ ಹೊಗೆಗೊಳವಿಯನ್ನು ನೋಡೋಣ. ಟರ್ಬೈನ್ ತಿರುಗುವ ಬಲವು ಅದರ ಹಿಂದಿನ ಮತ್ತು ಮುಂದಿನ ಒತ್ತಡಗಳ ಪ್ರಮಾಣವನ್ನು ಅವಲಂಬಿಸಿದೆ. ಹೊಗೆ ಹೊರಬೀಳುವ ಕಡೆ ಇಕ್ಕಟ್ಟಾದರೆ ಅಲ್ಲಿ ಒತ್ತಡ ನಿಂತು ಚಕ್ರದ ಬಲ ಕುಗ್ಗುತ್ತದೆ. ಕೊಳವೆಯ ವ್ಯಾಸವನ್ನು 2 ಅಂಗುಲದಿಂದ 3 ಅಂಗುಲಕ್ಕೆ ಏರಿಸಿದರೆ ಒಳಗಿನ ಹರವು ಎರಡೂಕಾಲು ಪಟ್ಟಾಗುತ್ತದೆ. ಅಷ್ಟೇ ಹೊಗೆ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಸಾಗಿಹೋಗುತ್ತದೆ. ತಡೆಯು ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಐದನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಎಂಜಿನಿಗೆ ಹಿಂದೊತ್ತಡ ಸ್ವಲ್ಪವಾದರೂ ಇರಬೇಕೆಂಬ ಮಾತು ಪ್ರಚಾರದಲ್ಲಿದೆ. ಟರ್ಬೈನಿನ ನಂತರದ ಕೊಳವೆಗೆ ಈ ಮಾತು ಸಲ್ಲದು. ಅಲ್ಲಿ ತಡೆ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಟರ್ಬೈನಿಗೆ ಮುಂಚಿನ ಕೊಳವೆಯ ನ್ಯಾಯವೇ ಬೇರೆ. ಅದನ್ನು ವಿಪರೀತ ಅಗಲಿಸಿದರೆ ಹೊಗೆಯು ಚಕ್ರವನ್ನು ಮುಟ್ಟುವ ಮೊದಲೇ ಹಿಗ್ಗಿ, ತಣಿದು, ತನ್ನ ಕಸುವನ್ನು ಕಳೆದುಕೊಳ್ಳುತ್ತದೆ.

ದೊಡ್ಡ ಟರ್ಬೊಚಾರ್ಜರಿಗೂ ಇಂಥದೇ ಒಂದು ಬೆಲೆಯನ್ನು ತೆರಬೇಕು. ಆಕಾರ ಒಂದೇ ಆಗಿದ್ದು ಚಕ್ರದ ವ್ಯಾಸ ಐದನೆಯ ಒಂದು ಪಾಲು ಹೆಚ್ಚಿದರೆ, ಅದನ್ನು ತಿರುಗಿಸಲು ಎದುರಾಗುವ ಜಡತೆ ಸುಮಾರು ಎರಡೂವರೆ ಪಟ್ಟಾಗುತ್ತದೆ. ಬೀಸುವ ಕಲ್ಲು ದೊಡ್ಡದಾದಷ್ಟೂ ಮೊದಲ ಸುತ್ತು ಕಷ್ಟವಲ್ಲವೆ? ಹಾಗೆಯೇ ಚಾಲಕನು ಪೆಡಲನ್ನು ಒತ್ತಿದರೂ ಬಲ ತಡವಾಗಿ ಬರುತ್ತದೆ. ಈ ವಿಳಂಬವನ್ನು ತಗ್ಗಿಸಲೆಂದೇ ನಿಸಾನ್ ಎಂಜಿನಿಯರುಗಳು ಜಿಟಿ-ಆರ್ ಕಾರಿನ ಟರ್ಬೈನ್ ಚಕ್ರವನ್ನು ಲೋಹದ ಬದಲು ಸಿಲಿಕಾನ್ ನೈಟ್ರೈಡ್ ಎಂಬ ಸಿರಾಮಿಕ್ ವಸ್ತುವಿನಿಂದ ಮಾಡಿದ್ದರು. ಅದರ ಸಾಂದ್ರತೆ ಶಾಖವನ್ನು ತಾಳುವ ನಿಕಲ್ ಮಿಶ್ರಲೋಹದ ಅರ್ಧಕ್ಕಿಂತಲೂ ಕಡಿಮೆ. ಆದರೆ ಪಿಂಗಾಣಿಯಂತೆ ಅದಕ್ಕೂ ಬಾಗುವ ಗುಣವಿಲ್ಲ, ಒಡೆಯುವ ಗುಣವಿದೆ. ತಯಾರಕರು ಗೊತ್ತುಮಾಡಿದ ಒತ್ತಡವನ್ನು ಮೀರಿ ಬಲವನ್ನು ಬಯಸಿದ ಮಾಲೀಕರ ಕಾರುಗಳಲ್ಲಿ ಈ ಚಕ್ರ ದಂಡದಿಂದ ಕಳಚಿ ಚೂರಾಗುವುದು ಪರಿಚಿತ ಸಂಗತಿಯಾಯಿತು. ಪಂದ್ಯಕ್ಕೆಂದು 1990ರಲ್ಲಿ ಸಂಸ್ಥೆ ತಾನೇ ಹೊರತಂದ ನಿಸ್ಮೊ ಆವೃತ್ತಿಯಲ್ಲಿ ಲೋಹದ ಚಕ್ರಗಳಿದ್ದುದು ಅರ್ಥಪೂರ್ಣವಾಗಿದೆ. ಚಾಲಕನಿಗೆ ಬೇಗ ಸ್ಪಂದಿಸುವ ಗುಣ ಬೇಕೋ ಹೆಚ್ಚಿನ ಒತ್ತಡವನ್ನು ತಾಳುವ ಗುಣ ಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಇನ್ನು ಶಾಖದ ಮಾತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲರೂ ಕೈಯಾರೆ ಅರಿತಿದ್ದೇವೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ಟರ್ಬೊಚಾರ್ಜರ್ ಇಮ್ಮಡಿ ಒತ್ತಡಕ್ಕೆ ಒತ್ತಿದರೆ ಅದರ ಉಷ್ಣತೆ ಸುಮಾರು 125 ಡಿಗ್ರಿಗೆ ಏರಬಹುದು. ಬಿಸಿಗಾಳಿ ತೆಳುವಾದುದು, ಆದುದರಿಂದ ಒತ್ತಡ ಎರಡು ಪಟ್ಟಾದರೂ ಒಳಹೋಗುವ ಗಾಳಿ ಒಂದೂವರೆ ಪಟ್ಟು ಮಾತ್ರ. ಇಂಟರ್‌ಕೂಲರ್ ಎಂಬ ಶೀತಕದ ಮೂಲಕ ಹಾಯಿಸಿ ಅದನ್ನು 50 ಡಿಗ್ರಿಗೆ ಇಳಿಸಿದರೆ ಗಾಳಿಯ ಪ್ರಮಾಣ ಸುಮಾರು 1.9 ಪಟ್ಟಾಗುತ್ತದೆ. ಪೋರ್ಷೆ ಸಂಸ್ಥೆ ತನ್ನ 911 ಟರ್ಬೊ ಕಾರಿನ ಎಂಜಿನನ್ನು 1978ನೆಯ ವರ್ಷದ ಮಾದರಿಗಾಗಿ 3.0 ಲೀಟರಿನಿಂದ 3.3 ಲೀಟರಿಗೆ ಹಿಗ್ಗಿಸಿ, ಜೊತೆಗೆ ಈ ಶೀತಕವನ್ನೂ ಅಳವಡಿಸಿತು. ಆಗ ಬಲವು 260ರಿಂದ 300 ಅಶ್ವಶಕ್ತಿಗೆ ಏರಿತು.

ತಣ್ಣನೆಯ ಗಾಳಿ ಬಲಕ್ಕಷ್ಟೇ ಅಲ್ಲ, ಎಂಜಿನಿನ ಪ್ರಾಣಕ್ಕೂ ಬೇಕು. ಗಾಳಿ ಹೆಚ್ಚಿ ಪೆಟ್ರೋಲು ಅದಕ್ಕೆ ತಕ್ಕಂತೆ ಹೆಚ್ಚದಿದ್ದರೆ, ಇಲ್ಲವೆ ಮಿಶ್ರಣ ವಿಪರೀತ ಬಿಸಿಯಾದರೆ, ಉರಿಯ ಮುಖ ತಲುಪುವ ಮೊದಲೇ ಮಿಶ್ರಣದ ಒಂದು ಭಾಗ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕರು ಇದನ್ನು ನಾಕಿಂಗ್ ಎನ್ನುತ್ತಾರೆ. ಈ ಪೆಟ್ಟುಗಳು ಪಿಸ್ಟನ್ನಿನ ತಲೆಯನ್ನು ಕೆಲವೇ ಕ್ಷಣಗಳಲ್ಲಿ ಕರಗಿಸಿ ತೂತುಮಾಡಬಲ್ಲವು. ಇಲ್ಲೊಂದು ಅನಿರೀಕ್ಷಿತ ಬಲೆಯೂ ಇದೆ. ಒತ್ತಡ ಮಿತಿ ಮೀರದಂತೆ ಹೆಚ್ಚಿನ ಹೊಗೆಯನ್ನು ಟರ್ಬೈನಿಗೆ ತಾಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಕವಾಟವಿರುತ್ತದೆ. ಕೊಳವಿಯನ್ನು ಮಾತ್ರ ಅಗಲಿಸಿದರೆ ಚಕ್ರ ಬಲವಾಗಿ ತಿರುಗಿ, ಪೂರ್ತಿ ತೆರೆದ ಆ ಕವಾಟಕ್ಕೂ ಅದನ್ನು ಅಂಕೆಯಲ್ಲಿಡಲು ಆಗದೆ ಹೋಗಬಹುದು. ಆಗ ಯಾರೂ ಕೇಳದಿದ್ದರೂ ಒತ್ತಡ ತಾನಾಗಿ ಏರುತ್ತದೆ. ಆದುದರಿಂದಲೇ ಅನುಭವಿಗಳು ಒತ್ತಡ ಮತ್ತು ಮಿಶ್ರಣಗಳನ್ನು ಅಳೆಯುವ ಮಾಪಕಗಳನ್ನು ಮೊದಲು ಜೋಡಿಸುತ್ತಾರೆ. ಇಂಧನ, ಕಿಡಿಯ ಕಾಲ, ಶೀತಕಗಳನ್ನು ಸರಿಪಡಿಸುತ್ತಾರೆ. ಒತ್ತಡವನ್ನು ಕೊನೆಯಲ್ಲಿ, ಅದೂ ಸ್ವಲ್ಪಸ್ವಲ್ಪವಾಗಿ ಏರಿಸುತ್ತಾರೆ.

ತಡೆಯನ್ನು ತಗ್ಗಿಸುವ ಆತುರದಲ್ಲಿ ಕೆಲವರು ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತೊಗೆಯುವುದುಂಟು. ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡನ್ನು ಪರಿವರ್ತಿಸುವ ಸಾಧನವದು. ಒಬ್ಬನ ವೇಗಕ್ಕಾಗಿ ಬೀದಿಯವರೆಲ್ಲರೂ ವಿಷವನ್ನು ಉಸಿರಾಡುವುದು ನ್ಯಾಯವಲ್ಲ. ನಮ್ಮ ದೇಶದ 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕನು ಮೂಲತಃ ನಮೂದಿಸಿದವುಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ ಎಂಬುದನ್ನೂ ವಾಚಕರು ನೆನಪಿಡಬೇಕು. ಇಂಥ ಪ್ರಯೋಗಗಳಿಗೆ ತಕ್ಕ ಸ್ಥಳ ಪಂದ್ಯದ ಬಯಲೇ ಹೊರತು ಊರಿನ ರಸ್ತೆಯಲ್ಲ.

ಕುಲುಮೆಯ ಮುಂದೆ ಕುಳಿತ ಕಮ್ಮಾರನು ತಿದಿಯನ್ನು ಮನಬಂದಂತೆ ಒತ್ತುವುದಿಲ್ಲ. ಇದ್ದಿಲೆಷ್ಟು, ಕಬ್ಬಿಣ ಎಷ್ಟು ಕಾದಿದೆ ಎಂಬುದನ್ನು ನೋಡಿಕೊಂಡೇ ಒತ್ತುತ್ತಾನೆ. ಹೊಗೆಯೊತ್ತುವ ತಿದಿಗೂ ಇದೇ ನಿಯಮ.