ಕಚೇರಿ ಮೇಜಿಗೆ ಸೂಕ್ತವಾದ ಕೀಲಿಮಣೆಯ ಆಯ್ಕೆ

ದಿನವಿಡೀ ಗಣಕಯಂತ್ರದಲ್ಲಿ ಕಾರ್ಯನಿರ್ವಹಿಸುವ ಸಿಬ್ಬಂದಿಯ ಮಣಿಕಟ್ಟು ಹಾಗೂ ಭುಜಗಳ ಆರೋಗ್ಯವು ಕೀಲಿಮಣೆಯ ಆಯ್ಕೆಯನ್ನೂ ಅವಲಂಬಿಸಿರುತ್ತದೆ.

ಗಾತ್ರ: 104 ಕೀಲಿಗಳ ಪೂರ್ಣ ಕೀಲಿಮಣೆಯು ಸುಮಾರು 45 ಸೆಂ.ಮೀ. ಅಗಲವಿರುತ್ತದೆ. ಸರ್ವೆ ನಂಬರು, ಲೆಕ್ಕಪತ್ರ ಮುಂತಾದ ಅಂಕಿಗಳನ್ನು ಸತತವಾಗಿ ದಾಖಲಿಸುವವರಿಗೆ ಇದರ ಬಲಬದಿಯ ಅಂಕಿ ಕೀಲಿಗಳು ಅವಶ್ಯಕ. ಪತ್ರ ವ್ಯವಹಾರವನ್ನಷ್ಟೇ ನಿರ್ವಹಿಸುವವರಿಗೆ ಅಂಕಿ ವಿಭಾಗವಿಲ್ಲದ, ಸುಮಾರು 36 ಸೆಂ.ಮೀ. ಅಗಲದ ಕೀಲಿಮಣೆ ಸಾಕು. ಇದರಿಂದ ಮೌಸ್ ಸಮೀಪದಲ್ಲಿದ್ದು, ಬಲತೋಳನ್ನು ಪದೇ ಪದೇ ಹೊರಚಾಚುವ ಶ್ರಮ ತಪ್ಪುತ್ತದೆ.

ವಿನ್ಯಾಸ: ಅಕ್ಷರಗಳ ಸ್ಥಾನವನ್ನು ತಂತ್ರಾಂಶವು ನಿರ್ಧರಿಸುವುದರಿಂದ ಕನ್ನಡಕ್ಕಾಗಿ ಪ್ರತ್ಯೇಕ ಕೀಲಿಮಣೆಯನ್ನು ಖರೀದಿಸಬೇಕಾಗಿಲ್ಲ. ಶ್ರೀ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ 'ನುಡಿ' ಕೀಲಿಮಣೆಯಲ್ಲಿ ಅಕ್ಷರಗಳು ಬಹುತೇಕ ಇಂಗ್ಲಿಷ್ ಅಕ್ಷರಗಳ ಧ್ವನಿಯನ್ನು ಅನುಸರಿಸುತ್ತವೆ. ಒತ್ತಕ್ಷರಕ್ಕೆ 'ಎಫ್' ಕೀಲಿಯನ್ನು ಬಳಸಲಾಗುತ್ತದೆ. 'ಇನ್‌ಸ್ಕ್ರಿಪ್ಟ್' ವಿನ್ಯಾಸದಲ್ಲಿ ಸ್ವರಗಳು ಎಡಗೈಗೂ ವ್ಯಂಜನಗಳು ಬಹುತೇಕ ಬಲಗೈಗೂ ಬರುತ್ತವೆ. ಹಿಂದಿ, ತೆಲುಗು ಮುಂತಾದ ಭಾಷೆಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಯೂನಿಕೋಡ್‌ನಲ್ಲಿ ದಾಖಲಿಸಿದಲ್ಲಿ ಎರಡೂ ವಿನ್ಯಾಸಗಳಿಂದ ಮೂಡುವ ಪಠ್ಯ ಒಂದೇ ಆಗಿರುವುದರಿಂದ, ರೂಢಿಯಲ್ಲಿರುವ ವಿನ್ಯಾಸವನ್ನೇ ಮುಂದುವರಿಸಬಹುದು.

ಕೀಲಿಮಣೆಯು ಮೊಣಕೈ ಮಟ್ಟದಲ್ಲಿದ್ದು, ಮಣಿಕಟ್ಟು ನೇರವಾಗಿರತಕ್ಕದ್ದು. ಬೆರಳುಗಳಲ್ಲಿ ಜೋಮು ಅಥವಾ ನೋವು ಮುಂದುವರಿದಲ್ಲಿ ವೈದ್ಯರ ಸಲಹೆ ಪಡೆಯುವುದು ಸೂಕ್ತ.