ತೆಂಗಿನಕಾಯಿ ‘ನಟ್’ ಹೌದೋ ಅಲ್ಲವೋ? ಎರಡು ಪಟ್ಟಿ ಸೇರಿಸುವಾಗ ಕಂಪ್ಯೂಟರ್ ಎಡವುವುದೆಲ್ಲಿ

“ತೆಂಗಿನಕಾಯಿ ಕೂಡ ಒಂದು ನಟ್. ನಟ್ ಅಲರ್ಜಿ ಇರುವ ಮಕ್ಕಳಿಗೆ ಕಾಯಿ ಚಟ್ನಿ, ಕೊಬ್ಬರಿ ಮಿಠಾಯಿ ಕೊಡಲೇಬೇಡಿ. ಅಮೆರಿಕ ಸರ್ಕಾರವೇ ಹೇಳಿದೆ. ಎಲ್ಲರಿಗೂ ಶೇರ್ ಮಾಡಿ.” ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂತು ಎಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಉತ್ತರ ಹಾಕುತ್ತಾರೆ: “ಶುದ್ಧ ಸುಳ್ಳು. ಸಸ್ಯಶಾಸ್ತ್ರದ ಪ್ರಕಾರ ತೆಂಗಿನಕಾಯಿ ನಟ್ ಅಲ್ಲವೇ ಅಲ್ಲ. ಹಾಗಾಗಿ ಅಲರ್ಜಿಯ ಮಾತೇ ಇಲ್ಲ.”

ಎರಡೂ ತಪ್ಪು. ತಮಾಷೆಯೆಂದರೆ, ಎರಡರಲ್ಲೂ ಬಿಡಿ ಬಿಡಿಯಾಗಿ ಇರುವ ಮಾತುಗಳಿಗೆ ಒಂದಿಷ್ಟು ಆಧಾರವಿದೆ. ಕೆಟ್ಟಿರುವುದು ಬೆಸುಗೆ.

ಅಲರ್ಜಿಯ ವಿಷಯವನ್ನು ಮೊದಲು ನೋಡೋಣ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) 2006ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ತೆಂಗಿನಕಾಯಿಯನ್ನು ಬಾದಾಮಿ, ಗೋಡಂಬಿ, ಅಕ್ರೋಟಿನ ಸಾಲಿಗೆ ಸೇರಿಸಿದ್ದು ನಿಜ. ಪೊಟ್ಟಣದ ಮೇಲೆ ಅಲರ್ಜಿ ಎಚ್ಚರಿಕೆ ಮುದ್ರಿಸುವುದಕ್ಕಾಗಿ ಮಾಡಿದ ಪಟ್ಟಿ ಅದು. 2025ರ ಜನವರಿಯಲ್ಲಿ ಅದೇ ಇಲಾಖೆ ತೆಂಗಿನಕಾಯಿಯನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ಬಾದಾಮಿ, ಗೋಡಂಬಿಗೆ ಅಲರ್ಜಿ ಇರುವವರಲ್ಲಿ ಹೆಚ್ಚಿನವರು ತೆಂಗಿನಕಾಯಿಯನ್ನು ತೊಂದರೆಯಿಲ್ಲದೆ ತಿನ್ನುತ್ತಾರೆ. ಹಾಗೆಂದು ತೆಂಗಿನಕಾಯಿ ಅಲರ್ಜಿ ಇಲ್ಲವೇ ಇಲ್ಲ ಎಂದಲ್ಲ. ಅಪರೂಪವಾದರೂ ಅದು ಇದೆ. ಮಗುವಿಗೆ ಕಾಯಿ ತಿಂದಾಗ ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ ಪಟ್ಟಿ ಹುಡುಕುತ್ತಾ ಕೂರದೆ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಎರಡನೆಯ ಸಂದೇಶ. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ತೆಂಗಿನಕಾಯಿ ಮಾವಿನ ಹಣ್ಣಿನ ಗುಂಪಿಗೆ ಸೇರಿದ್ದು: ಹೊರಗೆ ಸಿಪ್ಪೆ, ನಡುವೆ ನಾರು ಅಥವಾ ತಿರುಳು, ಒಳಗೆ ಗಟ್ಟಿ ಚಿಪ್ಪು, ಅದರೊಳಗೆ ಬೀಜ. ಹಾಗಾಗಿ ‘ನಟ್ ಅಲ್ಲ’ ಎನ್ನುವುದು ಸರಿ. ಆದರೆ ಅದೇ ಲೆಕ್ಕದಲ್ಲಿ ಬಾದಾಮಿಯೂ ನಟ್ ಅಲ್ಲ, ಶೇಂಗಾ ದ್ವಿದಳ ಧಾನ್ಯ. ಇವೆರಡರ ಅಲರ್ಜಿಯಿಂದ ಜೀವಕ್ಕೇ ಅಪಾಯವಾಗಬಹುದು. ಸಸ್ಯಶಾಸ್ತ್ರದ ‘ನಟ್’ ಹಣ್ಣಿನ ರಚನೆಯ ಮಾತು, ಎಫ್‌ಡಿಎ ಹೇಳುವ ‘ನಟ್’ ನಮ್ಮ ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎನ್ನುವ ಮಾತು. ಪದ ಒಂದೇ ಆದ್ದರಿಂದ ಅರ್ಥವೂ ಒಂದೇ ಎಂದುಕೊಂಡು ಎರಡನ್ನೂ ಅಂಟಿಸಿದವರು ಫಾರ್ವರ್ಡ್ ಬರೆದವರು.

ಮನುಷ್ಯರು ಮಾಡುವ ಈ ತಪ್ಪನ್ನು ಕಂಪ್ಯೂಟರ್ ಕೂಡ ಮಾಡುತ್ತದೆ, ಅದೂ ಲಕ್ಷಾಂತರ ದಾಖಲೆಗಳ ಮೇಲೆ ಒಂದೇ ಸಲಕ್ಕೆ. ಅದನ್ನು ತಡೆಯುವುದು ಹೇಗೆ ಎಂಬುದೇ ಕಂಪ್ಯೂಟರ್ ವಿಜ್ಞಾನ ಮತ್ತು ತರ್ಕಶಾಸ್ತ್ರದ ಒಂದು ದೊಡ್ಡ ಅಧ್ಯಯನ. ‘ಆಂಟಾಲಜಿಗಳ ಜೋಡಣೆ’ ಎನ್ನುತ್ತಾರೆ. ಹೆಸರು ಭಾರವಾಗಿದೆ, ವಿಷಯ ತೆಂಗಿನ ಸೀಮೆಯವರಿಗೆ ದಿನವೂ ಎದುರಾಗುವಂಥದ್ದೇ.

ಒಂದು ಕಾಯಿ, ನಾಲ್ಕಾರು ಪಟ್ಟಿ

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಒಂದು ತೋಟದ ಕಾಯಿಯನ್ನೇ ತೆಗೆದುಕೊಳ್ಳೋಣ. ಪಹಣಿಯಲ್ಲಿ ಇರುವುದು ‘ತೆಂಗು’, ಅದು ಬೆಳೆಯ ಹೆಸರು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ, ಸುಮಾರು 8ರಿಂದ 12 ತಿಂಗಳು ಬಿಟ್ಟು, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಡಗಡ ಎನ್ನುವಾಗ ಸುಲಿದು ಒಡೆದರೆ ಅದು ‘ಉಂಡೆ ಕೊಬ್ಬರಿ’. ತಿಪಟೂರು ಎಪಿಎಂಸಿಗೆ ಹೋಗುವುದು ಇದು. ಕಾಯಿಯನ್ನು ಹೋಳು ಮಾಡಿ ಒಣಗಿಸಿ ಎಣ್ಣೆ ಗಿರಣಿಗೆ ಕಳಿಸಿದರೆ ‘ಮಿಲ್ಲಿಂಗ್ ಕೊಬ್ಬರಿ’. ಸುಂಕದ ಪುಸ್ತಕದಲ್ಲಿ ತೆಂಗಿನಕಾಯಿ ಗೋಡಂಬಿಯ ಜೊತೆ 0801 ಎಂಬ ಸಂಖ್ಯೆಯಲ್ಲಿದ್ದರೆ, ಕೊಬ್ಬರಿ ಎಣ್ಣೆಕಾಳುಗಳ ಅಧ್ಯಾಯಕ್ಕೆ ಹಾರಿ 1203 ಆಗುತ್ತದೆ. ಎಣ್ಣೆ ತೆಗೆದರೆ 1513.

ಆಂಟಾಲಜಿ ಎಂದರೆ ಇಂಥ ಪಟ್ಟಿಯೇ, ಆದರೆ ಬರೀ ಹೆಸರುಗಳ ಪಟ್ಟಿಯಲ್ಲ. ಯಾವ ಯಾವ ಬಗೆಯ ವಸ್ತುಗಳಿವೆ, ಯಾವುದು ಯಾವುದರೊಳಗೆ ಬರುತ್ತದೆ, ಯಾವ ಎರಡು ಎಂದೂ ಒಂದಾಗಲು ಸಾಧ್ಯವಿಲ್ಲ ಎಂಬ ನಿಯಮಗಳನ್ನೂ ಕಂಪ್ಯೂಟರ್ ತರ್ಕ ಮಾಡಬಹುದಾದ ರೀತಿಯಲ್ಲಿ ಬರೆದಿಟ್ಟದ್ದು. ‘ಉಂಡೆ ಕೊಬ್ಬರಿ ಒಂದು ಬಗೆಯ ಕೊಬ್ಬರಿ’, ‘ಕೊಬ್ಬರಿ ಯಾವಾಗಲೂ ಒಣಗಿದ್ದು’, ‘ಹಸಿಯದ್ದು ಒಣಗಿದ್ದಲ್ಲ’. ಇಷ್ಟು ಹೇಳಿಕೊಟ್ಟರೆ ‘ಉಂಡೆ ಕೊಬ್ಬರಿ ಹಸಿಯದ್ದಲ್ಲ’ ಎಂದು ಯಂತ್ರ ತಾನೇ ತೀರ್ಮಾನಿಸುತ್ತದೆ. ಇದನ್ನು ಬರೆಯಲೆಂದೇ ‘ಔಲ್’ ಎಂಬ ಭಾಷೆ 2004ರಿಂದ ಜಾಲತಾಣಗಳ ಜಾಗತಿಕ ಮಾನದಂಡವಾಗಿದೆ.

ಒಂದು ಪಟ್ಟಿಯೊಳಗೆ ಎಲ್ಲ ನೆಟ್ಟಗಿರುತ್ತದೆ. ತೊಂದರೆ ಶುರುವಾಗುವುದು ಎರಡು ಪಟ್ಟಿಗಳನ್ನು ಸೇರಿಸುವಾಗ.

ಊರಿನ ಹೆಸರನ್ನೇ ನೋಡಿ. ಬಿಳಿಗೆರೆ ತಿಪಟೂರು ತಾಲ್ಲೂಕಿನಲ್ಲಿದೆ, ನಂಜನಗೂಡು ತಾಲ್ಲೂಕಿನಲ್ಲಿಯೂ ಇದೆ. ಹುಣಸೂರು ತಾಲ್ಲೂಕಿನಲ್ಲಿ ಬಿಳಿಕೆರೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬೆರಳಚ್ಚು ಮಾಡಿದಾಗ ‘ಗೆ’ ಎಲ್ಲಿ ‘ಕೆ’ ಎಲ್ಲಿ ಎಂದು ಹೇಳುವವರು ಯಾರು? ಹೆಸರು ನೋಡಿ ಜೋಡಿಸುವ ತಂತ್ರಾಂಶ ತೆಂಗಿನ ಸೀಮೆಯ ತೋಟವನ್ನು ಕಪಿಲೆಯ ದಡದ ತಾಲ್ಲೂಕಿಗೆ ಸಾಗಿಸಿಬಿಡಬಹುದು. ಇದಕ್ಕೆ ಪರಿಹಾರ ಸಿಕ್ಕಿದೆ: ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ‘ಲೋಕಲ್ ಗವರ್ನಮೆಂಟ್ ಡೈರೆಕ್ಟರಿ’ ಪ್ರತಿ ಹಳ್ಳಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿದೆ. ಊರುಗಳ ಮಟ್ಟಿಗೆ ಇದು ಸಾಕು.

ವಸ್ತುಗಳ ಮಟ್ಟಿಗೆ ಅಷ್ಟು ಸುಲಭವಲ್ಲ. ಒಂದು ಕಚೇರಿಯ ಪಟ್ಟಿಯಲ್ಲಿ ‘ಉಂಡೆ ಕೊಬ್ಬರಿ’ ಎಂದಿದೆ, ಇನ್ನೊಂದರಲ್ಲಿ ಬರೀ ‘ಕೊಬ್ಬರಿ’ ಎಂದಿದೆ. ಸೇರಿಸುವವರು ‘ಎರಡೂ ಒಂದೇ’ ಎಂದು ಗುರುತು ಹಾಕಿದರು ಎಂದುಕೊಳ್ಳಿ. ಆ ಒಂದು ಗುರುತಿನ ಬೆಲೆ ಎಷ್ಟು? ಕೇಂದ್ರ ಸರ್ಕಾರ 2024ರ ಹಂಗಾಮಿಗೆ ನಿಗದಿ ಮಾಡಿದ ಕನಿಷ್ಠ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ ₹12,000, ಮಿಲ್ಲಿಂಗ್ ಕೊಬ್ಬರಿಗೆ ₹11,160. ವ್ಯತ್ಯಾಸ ₹840. 2025ಕ್ಕೆ ₹12,100 ಮತ್ತು ₹11,582, ವ್ಯತ್ಯಾಸ ₹518. ‘ಉಂಡೆ ಕೊಬ್ಬರಿ ಎಂಬುದು ಕೊಬ್ಬರಿಯ ಒಂದು ಬಗೆ’ ಎಂದು ಬರೆಯಬೇಕಾದ ಕಡೆ ‘ಒಂದೇ’ ಎಂದು ಬರೆದರೆ ಎರಡು ದರಗಳೂ ಒಂದೇ ವಸ್ತುವಿನ ತಲೆಗೆ ಬಂದು ಕೂರುತ್ತವೆ. ಮುಂದೆ ಯಾವ ದರ ಆರಿಸಬೇಕು ಎನ್ನುವುದು ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಅದಕ್ಕೇ ಜೋಡಣೆಯ ಪರಿಣತರು ‘ಒಂದೇ’ ಎಂಬ ಒಂದೇ ಗುರುತಿನಿಂದ ಕೆಲಸ ಮಾಡುವುದಿಲ್ಲ. ‘ಪೂರ್ತಿ ಒಂದೇ’, ‘ಹತ್ತಿರದ್ದು’, ‘ಇದಕ್ಕಿಂತ ವಿಶಾಲವಾದದ್ದು’, ‘ಇದಕ್ಕಿಂತ ಕಿರಿದಾದದ್ದು’, ‘ಸಂಬಂಧವಿದೆ ಅಷ್ಟೆ’ ಎಂದು ಐದು ಬಗೆಯ ಗುರುತುಗಳು ‘ಸ್ಕಾಸ್’ ಎಂಬ ಮಾನದಂಡದಲ್ಲಿವೆ. ನಮ್ಮ ಮಟ್ಟಿಗೆ ಈ ಇಡೀ ಕ್ಷೇತ್ರದ ಅತ್ಯಂತ ಉಪಯುಕ್ತ ಸಲಹೆ ಇದೇ: ಅನುಮಾನವಿದ್ದರೆ ‘ಹತ್ತಿರದ್ದು’ ಎಂದು ಬರೆಯಿರಿ, ‘ಒಂದೇ’ ಎಂದು ಬರೆಯಬೇಡಿ. ಬಿಟ್ಟುಹೋದ ಕೊಂಡಿಯನ್ನು ನಾಳೆ ಹಾಕಬಹುದು. ತಪ್ಪು ಕೊಂಡಿಯಿಂದ ಹುಟ್ಟಿದ ತೀರ್ಮಾನಗಳನ್ನು ಹುಡುಕಿ ಅಳಿಸುವುದು ಬಹಳ ಕಷ್ಟ.

ತರ್ಕ ಎಲ್ಲಿ ಕೈಹಿಡಿಯುತ್ತದೆ

ಅಡುಗೆ ವಿಡಿಯೊಗಳಲ್ಲಿ ‘ಹಸಿ ಕೊಬ್ಬರಿ ತುರಿ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಹಸಿ ತೆಂಗಿನಕಾಯಿಯೇ. ಅಡುಗೆಯ ಪಟ್ಟಿಯಲ್ಲಿ ಹಸಿ ಕೊಬ್ಬರಿ ಒಂದು ಬಗೆಯ ಕೊಬ್ಬರಿ. ಮಾರುಕಟ್ಟೆಯ ಪಟ್ಟಿಯಲ್ಲಿ ಕೊಬ್ಬರಿ ಎಂದರೆ ಒಣಗಿದ್ದು. ಎರಡೂ ಕಡೆಯ ‘ಕೊಬ್ಬರಿ’ ಒಂದೇ ಎಂದು ಸೇರಿಸಿದರೆ ಹಸಿ ಕೊಬ್ಬರಿ ಒಣಗಿದ್ದೂ ಆಗಬೇಕು, ಒಣಗದೆಯೂ ಇರಬೇಕು. ಅಂಥ ವಸ್ತು ಜಗತ್ತಿನಲ್ಲಿ ಇರಲಾರದು ಎಂದು ಯಂತ್ರ ತೀರ್ಮಾನಿಸುತ್ತದೆ. ಯಾರೋ ಒಬ್ಬರು ‘ಈ ಬಟ್ಟಲಲ್ಲಿರುವುದು ಹಸಿ ಕೊಬ್ಬರಿ’ ಎಂದು ನಿಜವಾದ ಒಂದು ಬಟ್ಟಲನ್ನು ದಾಖಲಿಸಿದರೆ ಇಡೀ ಪಟ್ಟಿಯಲ್ಲೇ ವೈರುಧ್ಯ ಬಂದುಬಿಡುತ್ತದೆ. ವೈರುಧ್ಯ ಒಳಹೊಕ್ಕ ಮೇಲೆ ಸಾಂಪ್ರದಾಯಿಕ ತರ್ಕದಲ್ಲಿ ಯಾವ ಮಾತನ್ನು ಬೇಕಾದರೂ ಸಾಧಿಸಬಹುದು. ‘ಮಾವಿನ ಮರ ಒಂದು ಟ್ರ್ಯಾಕ್ಟರ್’ ಎಂದೂ ಸಾಧಿಸಬಹುದು!

ಇದು ಒಳ್ಳೆಯ ಸುದ್ದಿಯೂ ಹೌದು. ವೈರುಧ್ಯ ಕಂಡಿತೆಂದರೆ ತಪ್ಪು ಬೆಸುಗೆ ಸಿಕ್ಕಿಬಿತ್ತು. ಹೆಚ್ಚು ಅಪಾಯಕಾರಿಯಾದದ್ದು ವೈರುಧ್ಯವನ್ನೇ ತೋರಿಸದೆ ಸುಮ್ಮನೆ ಹೊಸ ತೀರ್ಮಾನ ಹುಟ್ಟಿಸುವ ಬೆಸುಗೆ. ಇದಕ್ಕೆ ತರ್ಕಶಾಸ್ತ್ರಜ್ಞರು ಒಂದು ಪರೀಕ್ಷೆ ಇಟ್ಟಿದ್ದಾರೆ: ಸೇರಿಸುವ ಮೊದಲು ಒಂದು ಪಟ್ಟಿಯ ಪದಗಳ ಬಗ್ಗೆ ಆ ಪಟ್ಟಿಯಿಂದ ಏನೇನು ತೀರ್ಮಾನಿಸಬಹುದಿತ್ತೋ, ಸೇರಿಸಿದ ಮೇಲೂ ಅಷ್ಟೇ ಬರಬೇಕು. ಅಲರ್ಜಿಯ ಪಟ್ಟಿಗೆ ಬಾದಾಮಿ ಅಪಾಯಕಾರಿ ನಟ್ ಎಂದು ಗೊತ್ತಿತ್ತು. ಅದನ್ನು ಸಸ್ಯಶಾಸ್ತ್ರದ ಪಟ್ಟಿಗೆ ‘ನಟ್ = ನಟ್’ ಎಂದು ಬೆಸೆದ ಮೇಲೆ ‘ಬಾದಾಮಿ ನಟ್ ಅಲ್ಲ’ ಎಂಬ ಮಾತು ಆ ಪಟ್ಟಿಯೊಳಗೆ ಹೊಸದಾಗಿ ನುಸುಳುತ್ತದೆ. ಹೊಸ ಮಾತು ಬಂದ ಕೂಡಲೇ ಬೆಸುಗೆಯನ್ನು ಅನುಮಾನಿಸಬೇಕು. ಗ್ರೂಪಿಗೆ ಬಂದ ಆ ಎರಡನೆಯ ಸಂದೇಶ ಈ ಪರೀಕ್ಷೆಯಲ್ಲೇ ಬೀಳುತ್ತದೆ.

‘ಈಗ ಎಐ ಬಂದಿದೆ, ಎಲ್ಲ ಅದೇ ಸೇರಿಸುತ್ತದೆ’ ಎನ್ನುವವರಿದ್ದಾರೆ. ಜೋಡಣೆ ಮಾಡುವ ತಂತ್ರಾಂಶಗಳ ನಡುವೆ 2004ರಿಂದಲೂ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿದೆ, ಅವು ಸುಧಾರಿಸಿವೆ ಕೂಡ. ಆದರೂ ಕೊನೆಗೆ ವಿಷಯ ಬಲ್ಲವರು ಕೂತು ನೋಡಲೇಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಿಂದ ನಡೆಸುತ್ತಿರುವ ‘ಅಗ್ರೊವಾಕ್’ ಎಂಬ ಕೃಷಿ ಪದಕೋಶವಿದೆ. ಅದರಲ್ಲಿ ಪ್ರತಿ ಪರಿಕಲ್ಪನೆಗೂ ಒಂದು ಸಂಖ್ಯೆ, ಆ ಸಂಖ್ಯೆಗೆ ನಲವತ್ತಕ್ಕೂ ಹೆಚ್ಚು ಭಾಷೆಗಳ ಹೆಸರುಗಳನ್ನು ತಗುಲಿಸುತ್ತಾರೆ. ಅದನ್ನು ಇನ್ನೆರಡು ದೊಡ್ಡ ಕೃಷಿ ಪದಕೋಶಗಳ ಜೊತೆ ಸೇರಿಸಲು ಹೊರಟಾಗ ಮೂರರಿಂದಲೂ ಹೆಚ್ಚು ಬಳಕೆಯ ತಲಾ ಸುಮಾರು 10,000 ಪರಿಕಲ್ಪನೆಗಳನ್ನು ಆರಿಸಿದರು. ಯಂತ್ರ ಸೂಚಿಸಿದ ಜೋಡಿಗಳನ್ನು ಮನುಷ್ಯರು ಕೂತು ಪರಿಶೀಲಿಸಿದರು.

‘ಕುಟುಂಬ’ ಎಂದರೆ ಯಾರು?

ಹಣ್ಣು ಕಾಯಿಯ ವಿಷಯ ಬಿಡಿ, ಮನುಷ್ಯರ ವಿಷಯಕ್ಕೆ ಬಂದಾಗ ಇದರ ಬಿಸಿ ತಟ್ಟುತ್ತದೆ. ಪಿಎಂ-ಕಿಸಾನ್ ಯೋಜನೆಯಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು. ಪಡಿತರ ಚೀಟಿಯಲ್ಲಿ ಕುಟುಂಬ ಎಂದರೆ ಚೀಟಿಯಲ್ಲಿ ಹೆಸರಿರುವ ಎಲ್ಲರೂ, ಅಜ್ಜಿ, ಮದುವೆಯಾದ ಮಗ, ಸೊಸೆಯೂ ಸೇರಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆ ಚೀಟಿಗೆ ಮನೆಯ ಹಿರಿಯ ಮಹಿಳೆಯೇ ಯಜಮಾನಿ. ಪಹಣಿಯಲ್ಲೋ, ತೀರಿಕೊಂಡ ಅಜ್ಜನ ಹೆಸರು ಪೌತಿ ಖಾತೆಯಾಗದೆ ಹಾಗೇ ಉಳಿದಿರುವುದು ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ತೋಟ ನೋಡಿಕೊಳ್ಳುವವನು, ಅಟ್ಟದಿಂದ ಕೊಬ್ಬರಿ ಇಳಿಸಿ ಮಾರುವವನು ಮೊಮ್ಮಗ. ‘ರೈತ’ ಯಾರು? ಪಹಣಿಗೆ ಅಜ್ಜ, ಎಪಿಎಂಸಿಗೆ ಮೊಮ್ಮಗ.

ಎರಡು ‘ಕುಟುಂಬ’ಗಳನ್ನು ಒಂದೇ ಎಂದು ಬೆಸೆದರೆ, ಪ್ರತ್ಯೇಕ ಜಮೀನಿರುವ ಮದುವೆಯಾದ ಮಗ ಅಪ್ಪನ ಪಡಿತರ ಚೀಟಿಯಲ್ಲಿರುವ ಒಂದೇ ಕಾರಣಕ್ಕೆ ‘ಈ ಕುಟುಂಬಕ್ಕೆ ಆಗಲೇ ಹಣ ಹೋಗಿದೆ’ ಎಂಬ ಉತ್ತರ ಬರಬಹುದು. ಅಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ. ಎರಡೂ ಪಟ್ಟಿಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುತ್ತವೆ.

ಕೆಲವು ಸಲ ‘ಯಾವುದು ಸರಿ’ ಎಂಬುದಕ್ಕೆ ವಸ್ತುವಿನೊಳಗೆ ಉತ್ತರವೇ ಇರುವುದಿಲ್ಲ. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆಗ ಮೊದಲನೆಯದಕ್ಕೆ ಜಿಎಸ್‌ಟಿ ಶೇ 5, ಎರಡನೆಯದಕ್ಕೆ ಶೇ 18. 2024ರ ಡಿಸೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಬಾಟಲಿ ಚಿಕ್ಕದೆಂಬ ಕಾರಣಕ್ಕೇ ಅದು ಕೇಶತೈಲವಾಗುವುದಿಲ್ಲ, ತಲೆಗೆ ಹಚ್ಚುವ ಎಣ್ಣೆಯೆಂದೇ ಲೇಬಲ್ ಹಾಕಿ ಮಾರಿದರೆ ಮಾತ್ರ ಆ ಗುಂಪಿಗೆ ಸೇರುತ್ತದೆ ಎಂದಿತು. ಒಳಗಿನ ಎಣ್ಣೆ ಅದೇ, ಗುಂಪು ಬದಲಿಸಿದ್ದು ಹೊರಗಿನ ಚೀಟಿ. 2025ರ ಸೆಪ್ಟೆಂಬರ್ 22ರಿಂದ ಕೇಶತೈಲಕ್ಕೂ ಶೇ 5ರ ತೆರಿಗೆಯೇ ಆಯಿತು. ಎರಡು ಗುಂಪುಗಳು ಹಾಗೇ ಇವೆ, ಜಗಳಕ್ಕೆ ಇದ್ದ ಕಾರಣ ಹೋಯಿತು.

ನಮ್ಮ ರಾಜ್ಯದಲ್ಲಿ ‘ಭೂಮಿ’ಯ ಪಹಣಿ, ಆಧಾರ್, ಬ್ಯಾಂಕ್ ಖಾತೆ ಇವುಗಳನ್ನು ರೈತರ ಮಟ್ಟಿಗೆ ಒಂದೆಡೆ ಕಟ್ಟುವ ಜಾಗ ‘ಫ್ರೂಟ್ಸ್’ ತಂತ್ರಾಂಶ. ಬೆಂಬಲ ಬೆಲೆಗೆ ಕೊಬ್ಬರಿ ಮಾರಲು ನೋಂದಣಿಗೆ ಹೋದಾಗ ಕೇಳುವ ಎಫ್‌ಐಡಿ ಸಂಖ್ಯೆ ಅದರದ್ದೇ. ಎಫ್‌ಐಡಿ ಇದೆ ಎಂದ ಮಾತ್ರಕ್ಕೆ ನಿಮ್ಮ ಎಲ್ಲ ಸರ್ವೆ ನಂಬರ್‌ಗಳೂ ಅದಕ್ಕೆ ಸೇರಿವೆ ಎಂದು ಅರ್ಥವಲ್ಲ. ಹಂಗಾಮಿಗೆ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮೂರು ವಿಷಯ ನೋಡಿಸಿಕೊಳ್ಳಿ: ಎಲ್ಲ ಸರ್ವೆ ನಂಬರ್‌ಗಳು ಸೇರಿವೆಯೇ, ಪಹಣಿಯ ಹೆಸರೂ ಆಧಾರ್‌ನ ಹೆಸರೂ ಹೊಂದುತ್ತವೆಯೇ, ಬೆಳೆ ಸಮೀಕ್ಷೆಯಲ್ಲಿ ಆ ನಂಬರಿಗೆ ‘ತೆಂಗು’ ಎಂದೇ ದಾಖಲಾಗಿದೆಯೇ. ಅಜ್ಜನ ಹೆಸರು ಇನ್ನೂ ಉಳಿದಿದ್ದರೆ ಪೌತಿ ಖಾತೆಯ ಅರ್ಜಿ ನಾಡಕಚೇರಿಯಿಂದ ಶುರುವಾಗಬೇಕು. ಅದಕ್ಕೆ ತಿಂಗಳುಗಳು ಹಿಡಿಯಬಹುದು, ಖರೀದಿ ಕೇಂದ್ರದ ಬಾಗಿಲು ಅಷ್ಟು ದಿನ ತೆರೆದಿರುವುದಿಲ್ಲ.