ಲ್ಯಾಪ್‌ಟಾಪಿನ ಪರದೆ ಒಡೆದಾಗ

ಇಂದಿನ ವಿದ್ಯಾರ್ಥಿಯ ಓದುಬರಹಗಳೆಲ್ಲವೂ ಲ್ಯಾಪ್‌ಟಾಪೆಂಬ ಒಂದು ಚಪ್ಪಟೆ ಪೆಟ್ಟಿಗೆಯೊಳಗೆ ಅಡಗಿವೆಯೆಂದರೆ ಉತ್ಪ್ರೇಕ್ಷೆಯಾಗಲಾರದು. ಪ್ರಬಂಧ, ಟಿಪ್ಪಣಿ, ಛಾಯಾಚಿತ್ರಗಳು ಹಾಗಿರಲಿ; ಜಾನಪದವನ್ನು ಅಭ್ಯಾಸಮಾಡುವವರು ಹಳ್ಳಿಯ ಮುದುಕಿಯ ಬಾಯಿಂದ ಮುದ್ರಿಸಿಕೊಂಡು ತಂದ ಸೋಬಾನೆ ಪದಗಳೂ ಅದರೊಳಗೇ ಇರುತ್ತವೆ. ಪ್ರಬಂಧವನ್ನು ಇನ್ನೊಮ್ಮೆ ಬರೆಯಬಹುದು; ಆ ಮುದುಕಿ ತೀರಿಕೊಂಡಿದ್ದರೆ ಆ ಪದವನ್ನು ಮತ್ತಾರು ಹಾಡಿಯಾರು? ಆದುದರಿಂದ ಪರದೆ ಒಡೆದ ದಿನ ವಿದ್ಯಾರ್ಥಿಯ ಎದೆಯೊಡೆಯುವುದು ಸಹಜ. ಆದರೆ ಹಾಗೆ ಹೆದರಬೇಕಾದುದಿಲ್ಲವೆಂಬುದನ್ನೂ ಆಗ ಮಾಡತಕ್ಕುದೇನೆಂಬುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದ ಸಂಗತಿಯೊಂದುಂಟು. ಪರದೆಯು ತೋರಿಸುವ ಅಂಗವೇ ಹೊರತು ಇಟ್ಟುಕೊಳ್ಳುವ ಅಂಗವಲ್ಲ. ಕಡತಗಳಿರುವುದು ಕೀಲಿಮಣೆಯ ಕೆಳಗೆ, ಹಾರ್ಡ್ ಡಿಸ್ಕ್ ಅಥವಾ ಎಸ್.ಎಸ್.ಡಿ. ಎಂಬ ಭಂಡಾರದಲ್ಲಿ. ಕನ್ನಡಿ ಒಡೆದರೆ ಮುಖವೇನೂ ಒಡೆಯದಷ್ಟೆ!

ಸಾಮಾನ್ಯವಾದ ಪರದೆಯಲ್ಲಿ ಎರಡು ತೆಳುಗಾಜುಗಳ ನಡುವೆ ದ್ರವಸ್ಫಟಿಕವೆಂಬ ವಸ್ತುವಿರುತ್ತದೆ. ಹಿಂದಿನಿಂದ ಎಲ್.ಇ.ಡಿ. ದೀಪಗಳು ಬೆಳಕು ಚೆಲ್ಲುತ್ತವೆ. ವಿದ್ಯುತ್ತಿನ ಪ್ರಭಾವದಿಂದ ಆ ವಸ್ತುವಿನ ಅಣುಗಳು ಹೊರಳಿ, ಬೆಳಕನ್ನು ಒಂದೆಡೆ ಬಿಟ್ಟು ಒಂದೆಡೆ ತಡೆದು ಚಿತ್ರವನ್ನು ಮೂಡಿಸುತ್ತವೆ. ದ್ರವಸ್ಫಟಿಕದ ಗುಣವನ್ನು 1888ರಲ್ಲಿ ಮೊದಲು ಗುರುತಿಸಿದವನು ರೈನಿಟ್ಜರ್ ಎಂಬ ಸಸ್ಯಶಾಸ್ತ್ರಜ್ಞ. ಕನ್ನಡನಾಡಿಗೂ ಈ ವಿದ್ಯೆಗೂ ನಂಟುಂಟು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಅವರೂ ಅವರ ಸಂಗಡಿಗರೂ ಬಿಲ್ಲೆಯಾಕಾರದ ಅಣುಗಳಿಂದಾದ ಹೊಸ ಬಗೆಯ ದ್ರವಸ್ಫಟಿಕವನ್ನು ಕಂಡುಹಿಡಿದರು. ಈ ತೆಳುಗಾಜು ಬಿರಿದಾಗ ಕಪ್ಪು ಕಲೆಗಳೂ ಬಣ್ಣದ ಗೆರೆಗಳೂ ಕಾಣುತ್ತವೆ. ಕೀಲಿಮಣೆಯ ಮೇಲೆ ಪೆನ್ನನ್ನು ಮರೆತು ಮುಚ್ಚಳ ಮುಚ್ಚುವುದು, ಪರದೆಯ ಮೂಲೆಯನ್ನು ಹಿಡಿದೆತ್ತುವುದು, ಇಂಥ ಚಿಕ್ಕ ಅಜಾಗರೂಕತೆಗಳೇ ಇದಕ್ಕೆ ಸಾಕು.

ಇನ್ನು ರೋಗಪರೀಕ್ಷೆ. ಗಾಜು ಬಿರಿಯದೆ ಪರದೆ ಬರಿದೆ ಕತ್ತಲಾಗಿದ್ದರೆ, ಯಂತ್ರವನ್ನು ಚಾಲೂ ಮಾಡಿ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡತಕ್ಕುದು. ಮಸುಕಾಗಿ ಚಿತ್ರ ಕಂಡರೆ ದೋಷವಿರುವುದು ಹಿಂದಿನ ದೀಪದಲ್ಲಿ ಅಥವಾ ಅದಕ್ಕೆ ವಿದ್ಯುತ್ತನ್ನು ಒಯ್ಯುವ ಭಾಗದಲ್ಲಿ. ಫ್ಯಾನಿನ ಸದ್ದು, ಕೀಲಿಮಣೆಯ ದೀಪ, ಆರಂಭದ ದನಿ ಇವುಗಳಲ್ಲೊಂದಿದ್ದರೂ ಯಂತ್ರ ಬದುಕಿದೆಯೆಂದು ಊಹಿಸಬಹುದು.

ಬದುಕಿರುವ ಯಂತ್ರಕ್ಕೆ ಬೇರೊಂದು ಪರದೆಯನ್ನು ಜೋಡಿಸುವುದೇ ಸುಲಭೋಪಾಯ. ಮನೆಯ ಟೆಲಿವಿಷನ್ನಿಗೆ ಎಚ್.ಡಿ.ಎಂ.ಐ. ತಂತಿಯಿಂದ ಸೇರಿಸಬಹುದು. ಕಾಲೇಜಿನ ಪ್ರೊಜೆಕ್ಟರು ಹಳೆಯ ವಿ.ಜಿ.ಎ. ಮಾದರಿಯದಾದರೆ ನಡುವೆ ಪರಿವರ್ತಕವೊಂದು ಬೇಕು. ಟೆಲಿವಿಷನ್ನಿನಲ್ಲಿ ತಂತಿ ಸಿಕ್ಕಿಸಿದ ದ್ವಾರವನ್ನೇ ಆರಿಸಲು ಮರೆಯಬಾರದು. ಆದರೂ ಚಿತ್ರ ಬಾರದಿದ್ದರೆ, ವಿಂಡೋಸ್ ಯಂತ್ರದಲ್ಲಿ ವಿಂಡೋಸ್ ಕೀಲಿಯನ್ನೂ ಪಿ ಕೀಲಿಯನ್ನೂ ಜೊತೆಯಾಗಿ ಒತ್ತಿ, ಬಳಿಕ ಕೆಳಬಾಣವನ್ನೂ ಎಂಟರನ್ನೂ ಒತ್ತಿ ಕೆಲವು ಕ್ಷಣ ಕಾಯಬೇಕು. ಒಮ್ಮೆಗೆ ಆಗದಿದ್ದರೆ ಇದನ್ನೇ ಮತ್ತೆ ಮಾಡಬೇಕು.

ಚಿತ್ರ ಬಂದೊಡನೆ ಮಾಡುವ ಮೊದಲ ಕೆಲಸ ನಕಲು. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಈ ನಾಲ್ಕು ಕಡೆಯೂ ಹುಡುಕಿ, ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ಹಾಕಿಕೊಳ್ಳಬೇಕು. ಫ್ಯಾಟ್32 ಏರ್ಪಾಡಿನ ಪೆನ್‌ಡ್ರೈವಿನಲ್ಲಿ 4 ಜಿ.ಬಿ.ಗೆ ಮಿಗಿಲಾದ ಒಂದೇ ಕಡತ ಹಿಡಿಸದು; ದೊಡ್ಡ ವೀಡಿಯೋ ಇದ್ದವರು ಇದನ್ನು ನೆನಪಿಡಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದರೆ ಆ ಅಕ್ಷರಶೈಲಿಯನ್ನೂ ಜೊತೆಗೆ ತರಬೇಕು. ಇಲ್ಲವಾದರೆ ಹೊಸ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಂಡೀತು. ಯೂನಿಕೋಡಿನಲ್ಲಿ ಬರೆದವರಿಗೆ ಈ ತೊಡಕಿಲ್ಲ.

ಯಂತ್ರವೇ ಏಳದಿದ್ದರೆ ಭಂಡಾರವನ್ನು ಹೊರತೆಗೆಯಬೇಕಾಗುತ್ತದೆ. ಚಾರ್ಜರನ್ನು ಕಿತ್ತು, ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಬಲ್ಲವರ ಕೈಯಿಂದಲೇ ಇದನ್ನು ಮಾಡಿಸುವುದು ಲೇಸು. 2.5 ಅಂಗುಲದ ಸಾಟಾ ಡಿಸ್ಕಿಗೆ ಒಂದು ಬಗೆಯ ಯು.ಎಸ್.ಬಿ. ಕವಚ, ಪಟ್ಟಿಯಂಥ ಎನ್.ವಿ.ಎಂ.ಇ. ಎಸ್.ಎಸ್.ಡಿ.ಗೆ ಇನ್ನೊಂದು ಬಗೆಯ ಕವಚ. ಅದರಲ್ಲಿಟ್ಟು ಬೇರೊಂದು ಕಂಪ್ಯೂಟರಿಗೆ ಸೇರಿಸಿದರೆ ದೊಡ್ಡ ಪೆನ್‌ಡ್ರೈವಿನಂತೆಯೇ ತೆರೆದುಕೊಳ್ಳುತ್ತದೆ. ಕೆಲವು ಯಂತ್ರಗಳಲ್ಲಿ ಭಂಡಾರವನ್ನು ಮೂಲಫಲಕಕ್ಕೇ ಬೆಸೆದಿರುವುದರಿಂದ ಈ ಉಪಾಯ ಅಲ್ಲಿ ಸಾಗದು. ಡಿಸ್ಕು ಟಕಟಕನೆ ಸದ್ದುಮಾಡಿದರೆ ಒಡನೆ ನಿಲ್ಲಿಸಿ ತಜ್ಞರಲ್ಲಿಗೆ ಒಯ್ಯಬೇಕು. ಮತ್ತೆ ಮತ್ತೆ ಓಡಿಸಿದಷ್ಟೂ ಹಾನಿ ಹೆಚ್ಚು.

ಇಲ್ಲಿ ಬೀಗದ ಮಾತೊಂದಿದೆ. ವಿಂಡೋಸಿನ ಬಿಟ್‌ಲಾಕರ್ ಕಡತಗಳನ್ನು ಗೂಢಲಿಪಿಯಾಗಿ ಮಾರ್ಪಡಿಸಿಡುತ್ತದೆ. ಅಂಥ ಡಿಸ್ಕನ್ನು ಬೇರೆಡೆ ತೆರೆಯಲು 48 ಅಂಕಿಗಳ ಕೀಲಿಸಂಖ್ಯೆ ಬೇಕು. ಅದು ಅನೇಕ ವೇಳೆ ನಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡವನು ಜಾಣ.

ಕಡತಗಳು ಕೈಸೇರಿದ ಮೇಲೆ ದುರಸ್ತಿಯ ಯೋಚನೆ. ಪರದೆಯ ಅಳತೆ ಒಂದೇ ಆದ ಮಾತ್ರಕ್ಕೆ ಹೊಂದಿಕೊಳ್ಳದು. 30 ಪಿನ್ನಿನದೋ 40 ಪಿನ್ನಿನದೋ ಎಂಬುದೂ ಕೂಡಿಬರಬೇಕು. ಹಳೆಯ ಪರದೆಯ ಬೆನ್ನಿನ ಮೇಲಿರುವ ಸಂಖ್ಯೆಯನ್ನು ತೋರಿಸಿಯೇ ಹೊಸದನ್ನು ಕೊಳ್ಳಬೇಕು. ಪರದೆ ಬದಲಿಸಲು ಡಿಸ್ಕನ್ನು ಅಳಿಸಬೇಕಾದ ಅಗತ್ಯವಿಲ್ಲವೆಂದು ಅಂಗಡಿಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಪ್ತಪದವನ್ನು ಬರೆದುಕೊಟ್ಟು ಬರುವುದಂತೂ ಸಲ್ಲದು; ನಾವೇ ಎದುರಿಗಿದ್ದು ತೆರೆದು ತೋರಿಸಬಹುದು.

ಇಷ್ಟೆಲ್ಲ ಉಪಾಯಗಳಿದ್ದರೂ, ನೀರಿಗೆ ಮೊದಲೇ ಒಡ್ಡು ಕಟ್ಟುವುದು ಮೇಲು. ಮುಖ್ಯವಾದ ಕಡತಕ್ಕೆ ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲೊಂದು ಬೇರೆ ಊರಿನಲ್ಲೋ ಅಂತರಜಾಲದ ಭಂಡಾರದಲ್ಲೋ ಇರಲಿ ಎಂಬುದು ಬಲ್ಲವರ ನಿಯಮ. ಇದು ನಮಗೆ ಹೊಸ ಪಾಠವಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವೆಲ್ಲರೂ ತರಗತಿಯಲ್ಲಿ ಓದಿದ್ದೇವೆ. ಓಲೆಗರಿಗೆ ಹುಳು ಹಿಡಿಯುವುದೆಂದು ಬಲ್ಲವರು ಪ್ರತಿ ಮಾಡಿಸಿದರು. ಗಾಜು ಒಡೆಯುವುದೆಂದು ಬಲ್ಲ ನಾವು ಮೂರು ಪ್ರತಿಯನ್ನಾದರೂ ಮಾಡಬಾರದೆ? ಸಾವಿರದ ಕಾಲಕ್ಕೆ ಲಿಪಿಕಾರರು ಬೇಕಿತ್ತು. ಮೂರಕ್ಕೆ ಒಂದು ಸಂಜೆ ಸಾಕು.